ಫೈರ್‌ಫಾಕ್ಸ್‌ನೊಳಗೊಂದು ಟರ್ಮಿನಲ್: ಫೈರ್‌ಎಸ್‌ಎಸ್‌ಎಚ್ ಹೋದ ಮೇಲೆ ಟಿಟಿವೈಡಿ

ಪುಣೆಯ ಕೋಥ್ರೂಡ್‌ನಲ್ಲಿದ್ದುಕೊಂಡು ಊರಿನ ಕೆಲವು ಸಣ್ಣ ಕಚೇರಿಗಳ ಸರ್ವರ್‌ಗಳನ್ನು ನೋಡಿಕೊಳ್ಳುವುದು ನನ್ನ ಉದ್ಯೋಗ. ಇಲ್ಲಿನ ಕನ್ನಡ ಕುಟುಂಬಗಳು ಸೇರಿ ನಡೆಸುವ ಗ್ರಂಥಾಲಯದ ಪುಸ್ತಕಪಟ್ಟಿಯೂ ನನ್ನ ಹೊಣೆಯಲ್ಲೇ ಇದೆ. ಹೋದ ಕಡೆಗಳಲ್ಲಿ ನನಗೆಂದು ಕೊಡುವ ಕಂಪ್ಯೂಟರಿನಲ್ಲಿ ಹೊಸ ತಂತ್ರಾಂಶ ಹಾಕಲು ಸಾಮಾನ್ಯವಾಗಿ ಅನುಮತಿ ಇರುವುದಿಲ್ಲ, ಫೈರ್‌ಫಾಕ್ಸ್ ಮಾತ್ರ ಇರುತ್ತದೆ. ಆದ್ದರಿಂದ ಬ್ರೌಸರಿನೊಳಗಿನ ಟರ್ಮಿನಲ್, ಅಂದರೆ ಆದೇಶಗಳನ್ನು ಟೈಪ್ ಮಾಡಿ ದೂರದ ಸರ್ವರನ್ನು ನಡೆಸುವ ಪರದೆ, ನನಗೆ ನಿತ್ಯದ ಅಗತ್ಯ.

ಮೊದಲು ಬಳಸಿದ್ದು ಫೈರ್‌ಎಸ್‌ಎಸ್‌ಎಚ್ ಎಂಬ ಆಡ್-ಆನ್, ಅಂದರೆ ಬ್ರೌಸರಿಗೆ ಸೇರಿಸುವ ಪುಟ್ಟ ಸೌಲಭ್ಯ. ಪೂರ್ತಿಯಾಗಿ ಜಾವಾಸ್ಕ್ರಿಪ್ಟ್‌ನಲ್ಲಿ ಬರೆದಿದ್ದ ಅದು ಒಂದು ಟ್ಯಾಬಿನಲ್ಲಿಯೇ ಸರ್ವರನ್ನು ನೇರವಾಗಿ ಸಂಪರ್ಕಿಸುತ್ತಿತ್ತು. 2017ರ ನವೆಂಬರ್‌ನಲ್ಲಿ ಫೈರ್‌ಫಾಕ್ಸ್ 57 ಬಂದು ಹಳೆಯ ಬಗೆಯ ಆಡ್-ಆನ್‌ಗಳೆಲ್ಲ ನಿಂತಾಗ ಇದೂ ನಿಂತಿತು. ಹೊಸ ವ್ಯವಸ್ಥೆಯಲ್ಲಿ ಆಡ್-ಆನ್‌ಗಳಿಗೆ ಟಿಸಿಪಿ ಸಂಪರ್ಕವನ್ನು (ಇನ್ನೊಂದು ಕಂಪ್ಯೂಟರಿನ ಜೊತೆ ನೇರ ಕೊಂಡಿಯನ್ನು) ತಾವೇ ತೆರೆಯುವ ಅಧಿಕಾರವಿಲ್ಲದ ಕಾರಣ ಅದನ್ನು ತಿದ್ದಿ ಉಳಿಸುವ ದಾರಿಯೂ ಇರಲಿಲ್ಲ. ಫೈರ್‌ಫಾಕ್ಸ್ 52ರ ದೀರ್ಘಾವಧಿ ಆವೃತ್ತಿಯಲ್ಲಿ ಕೆಲವು ತಿಂಗಳು ಕಾಲ ತಳ್ಳಿದೆ. 2018ರ ಸೆಪ್ಟೆಂಬರ್‌ನಲ್ಲಿ ಅದಕ್ಕೂ ಭದ್ರತಾ ತಿದ್ದುಪಡಿಗಳು ನಿಂತ ಮೇಲೆ ಬಿಟ್ಟೆ.

ಅಂದಿನಿಂದ ಬಳಸುತ್ತಿರುವುದು ಟಿಟಿವೈಡಿ. ಇದನ್ನು ಹಾಕಬೇಕಾದದ್ದು ಬ್ರೌಸರಿಗಲ್ಲ, ಸರ್ವರಿಗೆ. ಅಲ್ಲಿ 7681ನೆಯ ಪೋರ್ಟಿನಲ್ಲಿ (ಸಂಪರ್ಕ ಬಂದು ಸೇರುವ, ಸಂಖ್ಯೆಯಿಟ್ಟ ಬಾಗಿಲಿನಲ್ಲಿ) ಕಾಯುವ ಈ ಪುಟ್ಟ ಪ್ರೋಗ್ರಾಂ, ಎಕ್ಸ್‌ಟರ್ಮ್.ಜೆಎಸ್ ಎಂಬ ಟರ್ಮಿನಲ್ಲನ್ನು ಬ್ರೌಸರಿಗೆ ಕಳಿಸಿ, ಒತ್ತಿದ ಕೀಲಿಗಳನ್ನು ವೆಬ್‌ಸಾಕೆಟ್ ಎಂಬ ಸದಾ ತೆರೆದಿರುವ ಸಂಪರ್ಕದ ಮೂಲಕ ಶೆಲ್‌ಗೆ, ಅಂದರೆ ಸರ್ವರಿನಲ್ಲಿ ಆದೇಶಗಳನ್ನು ನಡೆಸುವ ಪ್ರೋಗ್ರಾಂಗೆ, ತಲುಪಿಸುತ್ತದೆ. ಇಡೀ ಶೆಲ್ಲನ್ನು ಒಂದು ವೆಬ್ ವಿಳಾಸಕ್ಕೆ ತಂದು ನಿಲ್ಲಿಸುವ ಕೆಲಸವಿದು ಎಂಬುದನ್ನು ಯಾರೂ ಹಗುರವಾಗಿ ಕಾಣಬಾರದು. ನಾನು ಅದನ್ನು ಸರ್ವರಿನ ಒಳವಿಳಾಸಕ್ಕೆ ಮಾತ್ರ ಕಟ್ಟಿ, ಮುಂದೆ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶವನ್ನು ಇಟ್ಟು, ಎಚ್‌ಟಿಟಿಪಿಎಸ್ ಮತ್ತು ಪಾಸ್‌ವರ್ಡ್ ಎರಡೂ ಇಲ್ಲದೆ ಯಾರಿಗೂ ಬಾಗಿಲು ತೆರೆಯದಂತೆ ಮಾಡಿದ್ದೇನೆ. ಈಚಿನ ಆವೃತ್ತಿಗಳಲ್ಲಿ ಟೈಪ್ ಮಾಡಲು ಬೇಕಾದ ಅನುಮತಿಯನ್ನು ಆರಂಭಿಸುವಾಗಲೇ ಬೇರೆಯಾಗಿ ಕೊಡಬೇಕು, ಇಲ್ಲದಿದ್ದರೆ ಪರದೆಯನ್ನು ನೋಡಬಹುದಷ್ಟೆ. ಈ ಬದಲಾವಣೆ ನನಗೆ ತುಂಬಾ ಸರಿಯೆನಿಸಿತು.

ಇದರ ನಿಜವಾದ ಪರೀಕ್ಷೆ ಆದದ್ದು ಮುಂಬೈಗೆ ಹೋಗುವ ರೈಲಿನಲ್ಲಿ. ಲೋಣಾವಳ ದಾಟಿ ಕರ್ಜತ್ ಕಡೆಗೆ ಘಾಟಿ ಇಳಿಯುವಾಗ ಸುರಂಗದ ಮೇಲೆ ಸುರಂಗ ಬಂದು ನೆಟ್‌ವರ್ಕ್ ಹೋಗುತ್ತ ಬರುತ್ತ ಇರುತ್ತದೆ. ಟಿಟಿವೈಡಿ ನೇರವಾಗಿ ಶೆಲ್ ತೆರೆಯುವ ಬದಲು, ಸಂಪರ್ಕ ಕಡಿದರೂ ಕೆಲಸವನ್ನು ಸರ್ವರಿನಲ್ಲೇ ನಡೆಸಿಕೊಂಡಿರುವ ಟಿಮಕ್ಸ್ ಎಂಬ ಪ್ರೋಗ್ರಾಂ ತೆರೆಯುವಂತೆ ಮಾಡಿಕೊಂಡಿರುವುದರಿಂದ, ಬೆಳಕು ಕಂಡು ಸಿಗ್ನಲ್ ಬಂದ ಕೂಡಲೇ ಸಂಪರ್ಕ ತಾನಾಗಿ, ಇಲ್ಲವೇ ಎಂಟರ್ ಒತ್ತಿದರೆ, ಬಿಟ್ಟ ಕೆಲಸಕ್ಕೇ ಮರಳಿ ಬರುತ್ತದೆ. ಅರ್ಧಕ್ಕೆ ಬಿಟ್ಟ ಬ್ಯಾಕಪ್ ಅಷ್ಟರಲ್ಲಿ ಮುಂದುವರಿದಿರುತ್ತದೆ. ಫೈರ್‌ಎಸ್‌ಎಸ್‌ಎಚ್‌ನ ಕಾಲದಲ್ಲಿ ಈ ಏರ್ಪಾಡು ಇಲ್ಲದೆ ಒಂದೇ ಕೆಲಸವನ್ನು ಎರಡೆರಡು ಸಲ ಮಾಡಿದ್ದುಂಟು.

ಕಂಟ್ರೋಲ್-ಡಬ್ಲ್ಯೂ ಮಾತ್ರ ಇಂದಿಗೂ ಕಾಡುತ್ತದೆ. ಶೆಲ್‌ನಲ್ಲಿ ಅದು ಹಿಂದಿನ ಪದವನ್ನು ಅಳಿಸುತ್ತದೆ, ನ್ಯಾನೋ ಎಡಿಟರಿನಲ್ಲಿ ಹುಡುಕುತ್ತದೆ, ಫೈರ್‌ಫಾಕ್ಸ್ ಆದರೋ ಟ್ಯಾಬನ್ನೇ ಮುಚ್ಚಲು ಹೊರಡುತ್ತದೆ. ಪುಟ ಬಿಡುವ ಮುನ್ನ ಟಿಟಿವೈಡಿ ಒಮ್ಮೆ ಕೇಳುವುದರಿಂದ ಅನಾಹುತವೇನೂ ಆಗಿಲ್ಲ. ಪದ ಅಳಿಸಲು ಆಲ್ಟ್-ಬ್ಯಾಕ್‌ಸ್ಪೇಸ್, ನ್ಯಾನೋದಲ್ಲಿ ಹುಡುಕಲು ಎಫ್6 ರೂಢಿ ಮಾಡಿಕೊಂಡಿದ್ದೇನೆ.

ಕನ್ನಡದ ವಿಷಯದಲ್ಲಿ ನನಗೆ ಸಮಾಧಾನವಿಲ್ಲ. ಟರ್ಮಿನಲ್ ಎಂದರೆ ಇಂದಿಗೂ 1978ರ ವಿಟಿ100 ಎಂಬ ಟರ್ಮಿನಲ್ ಯಂತ್ರದ ಹಾಗೆ ಅಕ್ಷರಕ್ಕೊಂದು ಮನೆಯಿರುವ ಚೌಕಳಿ. ಗ್ರಂಥಾಲಯದ ಪಟ್ಟಿಯಲ್ಲಿ ‘ಪುಸ್ತಕ’ ಎಂಬ ಪದ ಬಂದರೆ ನನ್ನ ಪರದೆಯಲ್ಲಿ ‘ಪ’ ಒಂದು ಮನೆಯಲ್ಲಿ, ಅದರ ಕೊಂಬು ಚುಕ್ಕಿಗಳ ವೃತ್ತದ ಜೊತೆಗೆ ಮುಂದಿನ ಮನೆಯಲ್ಲಿ ಕೂರುತ್ತವೆ. ‘ಸ್ತ’ದ ಒತ್ತು ಕೆಳಗಿಳಿಯದೆ ‘ಸ್’ ಮತ್ತು ‘ತ’ ಬೇರೆ ಬೇರೆಯಾಗುತ್ತವೆ. ಕಡತದೊಳಗಿನ ಅಕ್ಷರಗಳಿಗೆ ಧಕ್ಕೆಯಿಲ್ಲ. ಅದನ್ನೇ ಇಳಿಸಿಕೊಂಡು ಸಾಮಾನ್ಯ ಎಡಿಟರಿನಲ್ಲಿ ತೆರೆದರೆ ಸರಿಯಾಗಿಯೇ ಕಾಣುತ್ತದೆ. ಹಾಗಾಗಿ ಹೊಸ ಪುಸ್ತಕಗಳ ಹೆಸರುಗಳನ್ನು ಹೊರಗೆ ಬರೆದು, ಓದಿ ನೋಡಿ, ಆಮೇಲೆ ಸರ್ವರಿಗೆ ಏರಿಸುತ್ತೇನೆ. ಟರ್ಮಿನಲ್ಲಿನಲ್ಲಿ ಹುಡುಕುವಾಗ ಪುಸ್ತಕದ ಹೆಸರಿನ ಬದಲು ಅದರ ಕ್ರಮಸಂಖ್ಯೆಯನ್ನು ಬಳಸುತ್ತೇನೆ.