ಕಂಪನಿ ಆಡಿ ತೋರಿಸಿದ ಡೆಮೋನಾ, ನಾವೇ ಆಡಿದ ಡೆಮೋನಾ?

ಗೇಮ್ ಕೊಳ್ಳುವ ಮುಂಚೆ ಅದು ಹೇಗಿದೆ ಅಂತ ನೋಡುವುದಕ್ಕೆ ನಮಗಿರುವುದು ಮುಖ್ಯವಾಗಿ ಎರಡು ದಾರಿ. ಕಂಪನಿಯವರೇ ವೇದಿಕೆ ಮೇಲೆ ಆಡಿ ತೋರಿಸುವ ಡೆಮೋ ಒಂದು, ನಾವು ಇಳಿಸಿಕೊಂಡು ಆಡುವ ಡೆಮೋ ಇನ್ನೊಂದು. ಕೊಂಡು ನೋಡಿ ವಾಪಸ್ ಮಾಡುವ ಮೂರನೆಯದೂ ಇದೆ, ಅದಕ್ಕೆ ಆಮೇಲೆ ಬರುತ್ತೇನೆ. ನಾನು ಬೆಳಗಾವಿಯ ಟಿಳಕವಾಡಿಯಲ್ಲಿ ಕೂತು ಹಳೇ 1050 ಟಿಐ ಗ್ರಾಫಿಕ್ಸ್ ಕಾರ್ಡಿನ ಪಿಸಿಯಲ್ಲಿ ಎಲ್ಲವನ್ನೂ ಮಾಡಿ ನೋಡಿದವನು. ನನ್ನ ವೋಟು ನಾವೇ ಆಡುವ ಡೆಮೋಗೆ. ಆದರೆ ಅದೂ ಪೂರ್ತಿ ಸಾಚಾ ಏನಲ್ಲ.

ವೇದಿಕೆಯ ಡೆಮೋ ಅಂದರೆ ಮೊದಲು ನೆನಪಾಗುವುದು ವಾಚ್ ಡಾಗ್ಸ್. 2012ರ ಇ3 ಗೇಮ್ ಮೇಳದಲ್ಲಿ ತೋರಿಸಿದ ಆ ತುಣುಕನ್ನು ಈಗ ನೋಡಿದರೂ ಖುಷಿಯಾಗುತ್ತದೆ. ಶಿಕಾಗೊದ ರಾತ್ರಿ, ಗಾಳಿಗೆ ಪಟಪಟ ಹಾರುವ ಉದ್ದ ಕೋಟು, ಒದ್ದೆ ರಸ್ತೆ ಮೇಲೆ ಬೋರ್ಡುಗಳ ಬೆಳಕು. ಹೀರೋ ಫೋನಿನಿಂದ ಟ್ರಾಫಿಕ್ ಸಿಗ್ನಲ್ ಹ್ಯಾಕ್ ಮಾಡುತ್ತಾನೆ, ಗಾಡಿಗಳು ಒಂದಕ್ಕೊಂದು ಗುದ್ದಿಕೊಳ್ಳುತ್ತವೆ. ಗೇಮ್ ಬಂದದ್ದು 2014ರ ಮೇನಲ್ಲಿ. ನಾನು ಒಂದು ದಿನ ಫೋನಿನಲ್ಲಿ ಹಳೇ ವಿಡಿಯೋ ಹಚ್ಚಿ, ಮಾನಿಟರಿಗೆ ಆನಿಸಿಟ್ಟು, ಗೇಮಿನಲ್ಲಿ ಅಂಥದೇ ಒಂದು ಸರ್ಕಲ್ ಹುಡುಕಿ, ರಾತ್ರಿ ಮಳೆ ಬರುವ ತನಕ ಕಾದು ಸಿಗ್ನಲ್ ಹ್ಯಾಕ್ ಮಾಡಿದೆ. ಪಕ್ಕದಲ್ಲಿ ಕೂತಿದ್ದ ಕಾಕಾನ ಮಗ ಫೋನು, ಮಾನಿಟರು ಎರಡನ್ನೂ ನೋಡಿ "ಅಣ್ಣಾ, ಬೆಳಕ ಬ್ಯಾರೆ ಐತಲ್ಲ ಇದು" ಅಂದ. ಹೌದು, ಆಟ ಅದೇ, ಹ್ಯಾಕಿಂಗೂ ಅದೇ, ಬೆಳಕು ಮಾತ್ರ ಬೇರೆ. ತಮಾಷೆ ಏನೆಂದರೆ, ಗೇಮ್ ಬಂದ ಮುಂದಿನ ತಿಂಗಳೇ ಮಾಡರ್‌ಗಳು, ಅಂದರೆ ಗೇಮಿನ ಫೈಲು ತಿದ್ದಿ ಆಟವನ್ನೇ ಬದಲಾಯಿಸುವ ಹವ್ಯಾಸಿಗಳು, ಪಿಸಿ ಆವೃತ್ತಿಯ ಫೈಲುಗಳನ್ನು ಕೆದಕಿ ನೋಡಿದಾಗ ಇ3ಯಲ್ಲಿ ತೋರಿಸಿದ ಕೆಲವು ಎಫೆಕ್ಟುಗಳು ಅಲ್ಲೇ ಸುಮ್ನೆ ಬಿದ್ದಿದ್ದವು. ಅವನ್ನು ಆನ್ ಮಾಡುವ ಮಾಡ್ ಕೂಡ ಬಂತು.

ಅದಕ್ಕಿಂತ ದೊಡ್ಡ ರಗಳೆ ಏಲಿಯನ್ಸ್: ಕಲೋನಿಯಲ್ ಮರೀನ್ಸ್‌ನದು. ಡೆಮೋದಲ್ಲಿ ಕತ್ತಲೆ, ನೆರಳು, ಮೈ ಜುಂ ಅನ್ನಿಸುವ ಕಾರಿಡಾರು. 2013ರ ಫೆಬ್ರವರಿಯಲ್ಲಿ ಕೈಗೆ ಬಂದದ್ದು ಸಪ್ಪೆ ಗೇಮು. ಅಮೆರಿಕದಲ್ಲಿ ಕೋರ್ಟ್ ಕೇಸ್ ಆಯಿತು. ಬ್ರಿಟನ್ನಿನಲ್ಲಿ ಜಾಹೀರಾತುಗಳ ಮೇಲೆ ಕಣ್ಣಿಡುವ ಎಎಸ್‌ಎ ಸಂಸ್ಥೆಯ ಮುಂದೆ ದೂರು ಹೋದಾಗ, ಟ್ರೇಲರುಗಳು ಕೊನೆಯ ಗೇಮಿನಂತೆ ಇಲ್ಲ ಅಂತ ಪ್ರಕಾಶಕರು ಒಪ್ಪಿ ಟಿಪ್ಪಣಿ ಸೇರಿಸಬೇಕಾಯಿತು. ಆ ಗೇಮಿನ ಏಲಿಯನ್‌ಗಳು ದಡ್ಡರ ಹಾಗೆ ನೇರವಾಗಿ ಬಂದೂಕಿನ ಬಾಯಿಗೇ ಓಡಿ ಬರುತ್ತಿದ್ದವು. ಅದರ ಗುಟ್ಟು ಎಲ್ಲೆಡೆ ಸುದ್ದಿಯಾದದ್ದು 2018ರಲ್ಲಿ: ಸೆಟ್ಟಿಂಗ್ಸ್ ಫೈಲಿನಲ್ಲಿ ಟೆದರ್ ಅನ್ನುವ ಇಂಗ್ಲಿಷ್ ಪದಕ್ಕೆ ಒಂದು 'ಎ' ಅಕ್ಷರ ಜಾಸ್ತಿ ಬಿದ್ದು, ಆ ಸೆಟ್ಟಿಂಗೇ ಕೆಲಸ ಮಾಡುತ್ತಿರಲಿಲ್ಲ! ನಾನೂ ಆ ಸೆಟ್ಟಿಂಗ್ಸ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು, ಆ ಅಕ್ಷರ ಅಳಿಸಿ, ಸೇವ್ ಮಾಡಿ ಆಡಿದೆ. ಏಲಿಯನ್‌ಗಳು ಪಕ್ಕದಿಂದ ಸುತ್ತಿ ಬರತೊಡಗಿದವು. ಡೆಮೋದಷ್ಟು ಚಂದ ಆಗಲಿಲ್ಲ, ಆದರೆ ಒಂದು ಅಕ್ಷರಕ್ಕೆ ಇಷ್ಟಾದರೂ ಸಿಕ್ಕಿತಲ್ವಾ.

ಸೈಬರ್‌ಪಂಕ್ 2077ರ ವಿಷಯ ಸ್ವಲ್ಪ ಬೇರೆ. 2018ರ 48 ನಿಮಿಷದ ಡೆಮೋದಲ್ಲಿ ಇದು ಇನ್ನೂ ತಯಾರಾಗುತ್ತಿರುವ ಕೆಲಸ ಅಂತ ಪರದೆ ಮೇಲೇ ಬರೆದಿದ್ದರು. ಅದರಲ್ಲಿ ತೋಳಿನ ಕತ್ತಿಯನ್ನು ಗೋಡೆಗೆ ಚುಚ್ಚಿ ನೇತಾಡುವ ದೃಶ್ಯವಿತ್ತು. ಗೇಮಿನಲ್ಲಿ ಅದಿಲ್ಲ. 2020ರ ಡಿಸೆಂಬರಿನಲ್ಲಿ ಬಿಡುಗಡೆಯಾಗಿ, ದೋಷಗಳ ಗಲಾಟೆಯಿಂದ ಒಂದೇ ವಾರಕ್ಕೆ ಪ್ಲೇಸ್ಟೇಷನ್ ಸ್ಟೋರಿನಿಂದ ಹೊರಗೆ ಹೋಗಿ, ಮುಂದಿನ ಜೂನಿನಲ್ಲಿ ವಾಪಸ್ ಬಂತು. ನಾನು ಆಡಿದ್ದು 2023ರ 2.0 ಅಪ್‌ಡೇಟ್ ಆದ ಮೇಲೆ, ನಮ್ಮ ಕಾಕಾನ ಮಗನ ಹೊಸ ಪಿಸಿಯಲ್ಲಿ. ಬಹಳ ಹಿಡಿಸಿತು. ಕಾಯುವ ತಾಳ್ಮೆ ಇದ್ದವರಿಗೆ ಡೆಮೋ ಸುಳ್ಳಾದರೂ ನಷ್ಟ ಕಡಿಮೆ.

ಹಾಗಂತ ಪ್ರತಿ ವ್ಯತ್ಯಾಸವೂ ಮೋಸ ಅಲ್ಲ. 2018ರಲ್ಲಿ ಸ್ಪೈಡರ್‌ಮ್ಯಾನ್ ಗೇಮಿನ ಒಂದು ದೃಶ್ಯದಲ್ಲಿ ನೀರಿನ ಗುಂಡಿ ಚಿಕ್ಕದಾಗಿದೆ ಅಂತ ಜನ ಜಗಳ ತೆಗೆದಿದ್ದರು. ಗುಂಡಿಯ ಅಳತೆ ಬದಲಾಗಿದೆ, ಗ್ರಾಫಿಕ್ಸ್ ಇಳಿಸಿಲ್ಲ ಅಂತ ತಯಾರಕರು ಹೇಳಿದರು. ಮಳೆಗಾಲದಲ್ಲಿ ನಮ್ಮೂರಿನ ರಸ್ತೆ ನೋಡಿದವರಿಗೆ ಗುಂಡಿ ಚಿಕ್ಕದಾದರೆ ಯಾಕೆ ಸಿಟ್ಟು ಅಂತ ಅರ್ಥವೇ ಆಗಲ್ಲ.

ಈಗ ಕೈಗೆ ಸಿಗುವ ಡೆಮೋ. 2019ರಲ್ಲಿ ರೆಸಿಡೆಂಟ್ ಈವಿಲ್ 2 ಬರುವ ಮುಂಚೆ 30 ನಿಮಿಷದ ಡೆಮೋ ಬಿಟ್ಟಿದ್ದರು. ಟೈಮ್ ಮುಗಿದರೆ ಬಾಗಿಲು ಬಂದ್. ಪೊಲೀಸ್ ಠಾಣೆ ತುಂಬ ಆರ್‌ಪಿಡಿ ಅಂತ ಬರೆದಿರುತ್ತದೆ, ಬೆಳಗಾವಿಯವರಿಗೆ ಆರ್‌ಪಿಡಿ ಅಂದರೆ ರಾಣಿ ಪಾರ್ವತಿ ದೇವಿ ಕಾಲೇಜು. ಆರ್‌ಪಿಡಿ ಕ್ರಾಸಿನಲ್ಲಿ ಝೋಂಬಿಗಳು ಬಂದವು ಅಂತ ಗೆಳೆಯರೆಲ್ಲ ನಕ್ಕಿದ್ದೇ ನಕ್ಕಿದ್ದು. ಆದರೆ ಆ ಅರ್ಧ ಗಂಟೆಯಲ್ಲಿ ನನಗೆ ಬೇಕಾದದ್ದೆಲ್ಲ ತಿಳಿಯಿತು. ನನ್ನ ಕಾರ್ಡು ಮೀಡಿಯಂ ಸೆಟ್ಟಿಂಗಿನಲ್ಲಿ ಇದನ್ನು ಎಳೆಯುತ್ತದಾ, ಬಾಗಿಲು ತೆಗೆದಾಗ ತಡವರಿಸುತ್ತದಾ, ಟಾರ್ಚ್ ಬೆಳಕಿನಲ್ಲಿ ನೆರಳು ಹೇಗೆ ಬೀಳುತ್ತದೆ. ಇದನ್ನು ಯಾವ ವೇದಿಕೆ ವಿಡಿಯೋನೂ ಹೇಳಲ್ಲ, ಅಲ್ಲಿ ಓಡುವುದು ಅವರ ಮಷೀನು. ಜಸ್ಟ್ ಕಾಸ್ 2ರ 30 ನಿಮಿಷದ ಡೆಮೋನೂ ಹೀಗೇ: ಮರುಭೂಮಿಯ ಒಂದು ತುಂಡು ಕೊಟ್ಟು ಏನು ಬೇಕಾದರೂ ಮಾಡಿ ಅಂದರು, ಪೂರ್ತಿ ಗೇಮೂ ಅದೇ ಹುಚ್ಚಾಟ.

ಆದರೆ ಇಲ್ಲೂ ಒಂದು ಕೈಚಳಕ ಇದೆ: ಇದ್ದದ್ದನ್ನೇ ತೋರಿಸಿ, ಉಳಿದದ್ದನ್ನು ಮುಚ್ಚಿಡುವುದು. 2009ರ ಬ್ರೂಟಲ್ ಲೆಜೆಂಡ್ ನೆನಪಿದೆಯಾ? ಡೆಮೋದಲ್ಲಿ ಕೊಡಲಿ, ಗಿಟಾರು, ಹೊಡೆದಾಟ, ಅಷ್ಟೇ. ಪೂರ್ತಿ ಗೇಮಿನಲ್ಲಿ ಮುಂದೆ ಹೋದಂತೆ ಸೈನ್ಯ ಕಟ್ಟಿ ಆಜ್ಞೆ ಕೊಡುವ ಯುದ್ಧಗಳು ಬರುತ್ತವೆ. ನನಗೆ ಅವೇ ಇಷ್ಟವಾದವು. ಹೊಡೆದಾಟಕ್ಕೆ ಅಂತಲೇ ತಗೊಂಡವರಿಗೆ ಹೇಗಾಗಿರಬೇಡ!

ಇನ್ನು ವಾಪಸ್ ಮಾಡುವ ದಾರಿ. ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ಕೇಳಬಹುದು. ಚಿಕ್ಕ ಗೇಮಿಗೆ ಭೇಷ್. ದೊಡ್ಡ ಗೇಮಿನಲ್ಲಿ ಕಥೆಯ ವಿಡಿಯೋ, ಟ್ಯುಟೋರಿಯಲ್, ಸೆಟ್ಟಿಂಗ್ ತಿದ್ದುವುದರಲ್ಲೇ ಆ ಟೈಮ್ ಹೋಗಿಬಿಡುತ್ತದೆ.

ಫೋನ್ ಗೇಮಿನ ಜಾಹೀರಾತನ್ನು ನಾನು ಲೆಕ್ಕಕ್ಕೇ ತಗೊಳ್ಳಲ್ಲ. ನಮ್ಮ ವೈನಿ (ಅತ್ತಿಗೆ) ಒಂದು ಜಾಹೀರಾತಿನಲ್ಲಿ ಪಿನ್ ಎಳೆದು ಬೆಂಕಿಗೆ ನೀರು ಬಿಡುವುದನ್ನು ನೋಡಿ ಗೇಮ್ ಇಳಿಸಿಕೊಂಡರು. ತೆರೆದರೆ ಮೂರು ಮೂರು ಬಣ್ಣ ಜೋಡಿಸುವ ಆಟ! "ಪಿನ್ ಎಲ್ಲಿ ಅದಾವೋ ಮಾರಾಯಾ" ಅಂತ ನನ್ನನ್ನೇ ಕೇಳಿದರು. 2020ರಲ್ಲಿ ಎಎಸ್‌ಎ ಹೋಮ್‌ಸ್ಕೇಪ್ಸ್, ಗಾರ್ಡನ್‌ಸ್ಕೇಪ್ಸ್ ಗೇಮುಗಳ ಇಂಥ ಜಾಹೀರಾತುಗಳನ್ನು ತಡೆದಿತ್ತು. ಎಲ್ಲ ಚಿತ್ರಗಳೂ ನಿಜವಾದ ಆಟದ್ದಲ್ಲ ಅಂತ ಚಿಕ್ಕ ಅಕ್ಷರದಲ್ಲಿ ಬರೆದರೆ ಸಾಲದು ಅಂತ ಹೇಳಿತ್ತು. ವೈನಿ ಮಾತ್ರ ಬಣ್ಣ ಜೋಡಿಸುತ್ತಾ ಈಗ ನನಗೆ ಎಟುಕದ ಲೆವೆಲ್ಲಿಗೆ ಹೋಗಿದ್ದಾರೆ.