ಓಸಿಐ ಏಜೆಂಟ್ ಸೇವೆ: ಐದಕ್ಕೆ ಮೂರು ಸ್ಟಾರ್

ವಿದೇಶಿ ಪಾಸ್‌ಪೋರ್ಟ್ ಬಂದ ಮೇಲೆ, ಹಳೇ ಭಾರತೀಯ ಪಾಸ್‌ಪೋರ್ಟ್ ಒಪ್ಪಿಸಿ ಓಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ಪೌರರಿಗೆ ಭಾರತ ಸರ್ಕಾರ ಕೊಡುವ ಕಾರ್ಡ್) ಮಾಡಿಸಲು ಒಬ್ಬ ಏಜೆಂಟ್ ಹಿಡಿದೆ. ಕೆಲಸ ಆಯಿತು, ಸುಳ್ಳು ಹೇಳಲ್ಲ. ಆದರೆ ಸಹಿ ಚೌಕದ ಗೆರೆಗೆ ತಾಗಿದೆ ಅಂತ ಫೈಲ್ ಎರಡು ಸಲ ವಾಪಸ್ ಬಂತು, ಅದನ್ನು ಮೊದಲೇ ನೋಡಿ ಹೇಳಲಿ ಅಂತ ತಾನೇ ಇವರಿಗೆ ದುಡ್ಡು ಕೊಟ್ಟಿದ್ದು? ರದ್ದು ಮುದ್ರೆ ಬಿದ್ದ ಹಳೇ ಪಾಸ್‌ಪೋರ್ಟ್ ಕೈಗೆ ಬಂದಾಗ ಹೊಟ್ಟೆ ಚುರುಕ್ ಅಂದಿತು.

'ಸಿನಿಮಾದವರಾಗಿದ್ದರೆ ಒಂದೇ ದಿನದಲ್ಲಿ ಆಗ್ತಿತ್ತು ಸಾರ್' ಅಂದ ಏಜೆಂಟ್. ಸುಮ್ನೆ ಮಾತು. 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ನಾವಾಗಿ ಬೇರೆ ದೇಶದ ಪೌರತ್ವ ಪಡೆದರೆ ಇಲ್ಲಿನದು ಹೋಯಿತು. ಕೆನಡಾ ಪೌರತ್ವ ಪಡೆದಿದ್ದ ಅಕ್ಷಯ್ ಕುಮಾರ್‌ಗೂ ಅಷ್ಟೇ, ಭಾರತದ್ದು ವಾಪಸ್ ಸಿಕ್ಕಿದ್ದು 2023ರಲ್ಲಿ. ಅದೇ ವರ್ಷ ನಮ್ಮ ನಟ ಚೇತನ್ ಅವರ ಓಸಿಐಯನ್ನು ಕೇಂದ್ರ ಸರ್ಕಾರ ರದ್ದು ಮಾಡಿತು. ಹೆಸರಿದ್ದವರು ಬೇಗ ಕಣ್ಣಿಗೆ ಬೀಳುತ್ತಾರೆ, ಅಲ್ವಾ? ಆದರೆ ಚೇತನ್ ಹೈಕೋರ್ಟ್‌ಗೆ ಹೋಗಿ ಮಧ್ಯಂತರ ರಕ್ಷಣೆ ಪಡೆದರು. ನನ್ನಂಥವನಿಗೆ ಹಾಗಾದರೆ ಮೊದಲು ವಕೀಲರ ಫೀಸು ಹೊಂದಿಸುವುದೇ ದೊಡ್ಡ ಕೆಲಸ. ವ್ಯತ್ಯಾಸ ಇರುವುದು ಅಲ್ಲಿ.

ಏಜೆಂಟ್ ಫೋನ್ ಎತ್ತುತ್ತಾನೆ, ಫೀಸು ಜಾಸ್ತಿ. ಸಹಿ ಮಾತ್ರ ನೀವೇ ನೋಡಿಕೊಳ್ಳಿ.