ಎ ಎಂಡ್ ಫೋಟೊ ಮಾತ್ರ ಕಳಿಸುವವರಿಗೆ ದುಡ್ಡು ಕಳಿಸಬೇಡಿ

ಬರೆಯಬಾರದು ಅಂದುಕೊಂಡಿದ್ದೆ, ನಾಚಿಕೆ. ಆದರೆ ದುಡ್ಡು ತಗೊಂಡು ಮಾದರಿ ರೈಲು ಡಬ್ಬಿ ಕಟ್ಟಿಕೊಡುವ, ನನಗೆ ಟೋಪಿ ಹಾಕಿದ ಇದೇ ಆಸಾಮಿ ಮೊನ್ನೆ ಇನ್ನೊಬ್ಬ ಕನ್ನಡದವರಿಗೂ "ಸ್ಟೀಮ್ ಕಾಲದ ಡಬ್ಬಿ ಕಟ್ಟಿ, ವೆದರಿಂಗ್ ಮಾಡಿ ಕೊಡ್ತೀನಿ ಸಾರ್" ಅಂತ ರೇಟು ಹೇಳಿದ್ದು ಕಿವಿಗೆ ಬಿತ್ತು. ವೆದರಿಂಗ್ ಅಂದರೆ ಹೊಸ ಮಾದರಿ ಓಡಿ ಹಳತಾದ ಹಾಗೆ ಕಾಣಲಿ ಅಂತ ಕೊಳೆ, ತುಕ್ಕು ಬಳಿಯೋದು. ಇನ್ನು ಸುಮ್ಮನಿರೋಕಾಗಲ್ಲ. ಹೆಸರು ಹಾಕುವುದಿಲ್ಲ. ಅಮೆರಿಕದಲ್ಲಿ ಈ ಹವ್ಯಾಸದಲ್ಲಿರುವ ಕನ್ನಡದವರು ಎಷ್ಟು ಜನ ಇದ್ದೇವೆ ಹೇಳಿ, ಓದಿದರೆ ಗೊತ್ತಾಗುತ್ತೆ.

ಕೊಟ್ಟ ಕೆಲಸ ಇಷ್ಟು. ಎಚ್‌ಒ ಅಳತೆಯ (ನಿಜದ ಡಬ್ಬಿಯ 87ರಲ್ಲಿ ಒಂದು ಪಾಲು) ಐದು ಡಬ್ಬಿ, ಎಲ್ಲ ಪೆನ್ಸಿಲ್ವೇನಿಯಾ ರೈಲ್‌ರೋಡ್ ಅನ್ನೋ ರೈಲು ಕಂಪನಿಯವು, ಕಾಲ 1948. ಎಕ್ಸ್29 ಉಕ್ಕಿನ ಬಾಕ್ಸ್‌ಕಾರ್ (ಮುಚ್ಚಿದ ಸರಕು ಡಬ್ಬಿ) ಎರಡು, ಎಕ್ಸ್26 ಮರದ ಬಾಕ್ಸ್‌ಕಾರ್ ಒಂದು, ಜಿಎಲ್‌ಎ ಕಲ್ಲಿದ್ದಲು ಹಾಪರ್ ಒಂದು, ದನ ಸಾಗಿಸುವ ಸ್ಟಾಕ್ ಕಾರ್ ಒಂದು. ಕಿಟ್ ನಮ್ಮದು. ಡಬ್ಬಿ ಮೇಲೆ ಅಂಟಿಸುವ ಅಕ್ಷರ, ಗುರುತುಗಳ ಡೆಕಾಲ್ ಹಾಳೆ ನಮ್ಮದು. ಟ್ರಕ್ (ಡಬ್ಬಿ ಕೆಳಗೆ ಚಕ್ರ ಹಿಡಿಯುವ ಚೌಕಟ್ಟು), ಲೋಹದ ಚಕ್ರ, ಕೇಡೀ ಕಪ್ಲರ್ (ಡಬ್ಬಿ ಜೋಡಿಸುವ ಕೊಂಡಿ) ಎಲ್ಲ ನಮ್ಮದೇ. ಕೂಲಿ ಮಾತ್ರ ಅವರದು, ಡಬ್ಬಿಗೆ 135 ಡಾಲರ್. ಅರ್ಧ ಮುಂಗಡ, ಉಳಿದರ್ಧ ಫೋಟೊ ನೋಡಿದ ಮೇಲೆ. ಎಲ್ಲರೂ ಹೀಗೇ ಮಾಡೋದು, ಇದರಲ್ಲಿ ತಪ್ಪೇನೂ ಇಲ್ಲ.

ತಪ್ಪಿದ್ದದ್ದು ದುಡ್ಡು ಕಳಿಸಿದ ಬಗೆಯಲ್ಲಿ. "ಸಾರ್, ಫ್ರೆಂಡ್ಸ್ ಅಂಡ್ ಫ್ಯಾಮಿಲಿ ಅಂತ ಹಾಕಿ ಕಳ್ಸಿ, ಇಲ್ದಿದ್ರೆ ಸುಮ್ನೆ ಕಮಿಷನ್ ಕಟ್ ಆಗುತ್ತೆ, ನಾವು ನಾವೇ ಅಲ್ವಾ" ಅಂದರು. ನಾವು ನಾವೇ! ಕನ್ನಡದಲ್ಲಿ ಮಾತಾಡಿದರು ಅನ್ನೋದೊಂದೇ ಕಾರಣಕ್ಕೆ ಹಾಗೇ ಕಳಿಸಿದೆ. ಸ್ನೇಹಿತರಿಗೆ ಕೊಟ್ಟದ್ದು ಅಂತ ಆನ್‌ಲೈನ್‌ನಲ್ಲಿ ಹಾಗೆ ಕಳಿಸಿದ ದುಡ್ಡಿಗೆ ಕೊಂಡವರ ರಕ್ಷಣೆ ಅನ್ನೋದು ಇರಲ್ಲ ಅಂತ ಗೊತ್ತಿತ್ತು. ಗೊತ್ತಿದ್ದೂ ಕಳಿಸಿದೆ. ಇದನ್ನು ಬರೆಯೋಕೇ ಇಷ್ಟು ದಿನ ಹಿಂದೆಮುಂದೆ ನೋಡಿದ್ದು.

ಫೋಟೊ ಬಂತು, ಹದಿನಾಲ್ಕು. ನೋಡೋಕೆ ಚೆನ್ನಾಗಿತ್ತು, ಮಬ್ಬು ಬೆಳಕು, ಹಿಂದೆ ಎಲ್ಲೋ ಹೊಗೆ ಬೇರೆ. ಉಳಿದ ದುಡ್ಡೂ ಕಳಿಸಿದೆ. ಪೆಟ್ಟಿಗೆ ಬಂದು, ಮೊದಲ ಎಕ್ಸ್29 ಅನ್ನು ಕೈಯಲ್ಲಿ ತಿರುಗಿಸಿದಾಗ ಗೊತ್ತಾಯ್ತು. ಬಿ ಎಂಡ್, ಅಂದರೆ ಬ್ರೇಕ್ ಇರಬೇಕಾದ ತುದಿ, ಬೋಳು. ಬ್ರೇಕ್ ಚಕ್ರ ಇಲ್ಲ, ಅದರ ಕೋಲು ಇಲ್ಲ, ನಿಲ್ಲುವ ಹಲಗೆ ಇಲ್ಲ, ರಿಟೈನರ್ ವಾಲ್ವ್ ಇಲ್ಲ, ಅದರ ಪೈಪೂ ಇಲ್ಲ. ಬರೀ ಗೋಡೆ. ಎರಡನೇದು ತೆಗೆದೆ, ಬೋಳು. ಎಕ್ಸ್26ರಲ್ಲಿ ನೆಟ್ಟಗೆ ನಿಂತ ಕೋಲಿನ ತುದಿಯಲ್ಲಿ ಚಕ್ರ ಅಡ್ಡ ಮಲಗಿರಬೇಕು, ಅದೂ ಇಲ್ಲ. ಮತ್ತೆ ಫೋಟೊ ತೆಗೆದು ನೋಡಿದೆ. ಹದಿನಾಲ್ಕಕ್ಕೆ ಹದಿನಾಲ್ಕೂ ಎ ಎಂಡ್ ಕಡೆಯಿಂದ! ಬ್ರೇಕ್ ಇರುವ ತುದಿ ಬಿ, ಇಲ್ಲದ ತುದಿ ಎ, ಇದು ಈ ಹವ್ಯಾಸದ ಅಆಇಈ. ಹದಿನಾಲ್ಕು ಫೋಟೊ ಒಂದೇ ತುದಿಯಿಂದ ಯಾಕೆ ಅಂತ ಕೇಳಬೇಕಿತ್ತು. ಕೇಳಲಿಲ್ಲ. ಹೊಗೆ ನೋಡಿಕೊಂಡು ಕೂತೆ. ತಳದ ಫೋಟೊ ಒಂದೂ ಇರಲಿಲ್ಲ, ಅದನ್ನೂ ಕೇಳಲಿಲ್ಲ.

ಡಬ್ಬಿ ಕೈಗೆ ಬಂದ ಮೇಲೆ ಕೇಳಿದ್ದಕ್ಕೆ ಬಂದ ಉತ್ತರ: "ಬ್ರೇಕ್ ವೀಲ್ ಸಣ್ಣ ಐಟಮ್ ಸಾರ್, ಪೋಸ್ಟ್‌ನಲ್ಲಿ ಮುರಿಯುತ್ತೆ ಅಂತ ಹಾಕಿಲ್ಲ." ಹಾಗಾದರೆ ಬಿಡಿಯಾಗಿ ಕಳಿಸಬೇಕಿತ್ತಲ್ಲ? "ನೋಡ್ತೀನಿ ಸಾರ್." ಇನ್ನೂ ನೋಡ್ತಾನೇ ಇದ್ದಾರೆ.

ಇದು ಅರ್ಧ ಕೂಡ ಅಲ್ಲ. ಎಕ್ಸ್29ರ ಪಕ್ಕದಲ್ಲಿ, ಕೆಳಗೆ, ಒಂದು ಪುಟ್ಟ ಬಣ್ಣದ ಪಟ್ಟಿ ಕಂಡಿತು. ಡೆಕಾಲ್ ಚೂರು ಅಂಟಿಕೊಂಡಿರಬೇಕು ಅಂತ ಉಗುರಲ್ಲಿ ಕೆರೆದೆ, ಬರಲಿಲ್ಲ. ಭೂತಗನ್ನಡಿ ಹಿಡಿದೆ. ಕೆಂಪು, ನೀಲಿ, ಬಿಳಿ ಅಡ್ಡಗೆರೆಗಳು ಒಂದರ ಮೇಲೊಂದು. ಎಸಿಐ ಲೇಬಲ್ ರೀ! ಹಳಿ ಪಕ್ಕದ ಯಂತ್ರ ಓದಲಿ ಅಂತ ಅಮೆರಿಕದ ಡಬ್ಬಿಗಳಿಗೆ 1967ರಿಂದ ಅಂಟಿಸಿ, ಕೊಳೆ ಕೂತು ಓದೋಕಾಗಲ್ಲ ಅಂತ 1977ರಲ್ಲಿ ಕೈಬಿಟ್ಟ ಪಟ್ಟಿ ಅದು. 1948ರ ಡಬ್ಬಿ ಮೇಲೆ. ಅದರ ಪಕ್ಕದಲ್ಲೇ ತಪಾಸಣೆ ತಾರೀಖು ಬರೆಯುವ ಕರಿ ಚೌಕದ ಕನ್ಸಾಲಿಡೇಟೆಡ್ ಸ್ಟೆನ್ಸಿಲ್, ಅದು 1970ರ ದಶಕದ್ದು. ರೈಲ್‌ರೋಡ್ ಲಾಂಛನ ಶ್ಯಾಡೋ ಕೀಸ್ಟೋನ್ (ನೆರಳಿರುವ, ಕಮಾನಿನ ನಡುಗಲ್ಲಿನ ಆಕಾರ), ಅದು ಬಂದದ್ದು 1954ರಲ್ಲಿ. 1948ಕ್ಕೆ ಇರಬೇಕಾದದ್ದು ವೃತ್ತದೊಳಗಿನ ಕೀಸ್ಟೋನ್. ನಾನು ಕಳಿಸಿದ ಹಾಳೆಯಲ್ಲಿ ಅದೇ ಇತ್ತು. ಆ ಹಾಳೆ ಎಲ್ಲಿ ಹೋಯ್ತು?

ಹಾಳೆ ಹೋದ ಕಡೆಗೇ ಟ್ರಕ್‌ಗಳೂ ಹೋಗಿವೆ. ಎಕ್ಸ್29ಕ್ಕೆ 2ಡಿ-ಎಫ್8, ಎಕ್ಸ್26ಕ್ಕೆ ಆಂಡ್ರೂಸ್ ಮಾದರಿಯ ಟ್ರಕ್ ಕಳಿಸಿದ್ದೆ. ಎಕ್ಸ್26 ಅಂದರೆ ಮೊದಲ ಮಹಾಯುದ್ಧದಲ್ಲಿ ಸರ್ಕಾರ ರೈಲ್‌ರೋಡ್‌ಗಳನ್ನು ಕೈಗೆ ತಗೊಂಡಿದ್ದಾಗ ಯುಎಸ್‌ಆರ್‌ಎ ಅನ್ನೋ ಸರ್ಕಾರಿ ಆಡಳಿತ ಮಾಡಿಸಿದ ಮಾದರಿ, ಹುಟ್ಟಿನಿಂದ ಆಂಡ್ರೂಸ್ ಟ್ರಕ್ಕೇ ಅದಕ್ಕೆ. ಬಂದದ್ದು ಮಾತ್ರ ಉಕ್ಕಿನ ಪಟ್ಟಿಗಳನ್ನು ಬೋಲ್ಟ್ ಹಾಕಿ ಕಟ್ಟಿದ ಹಳೇ ಬಗೆಯ ಆರ್ಚ್‌ಬಾರ್ ಟ್ರಕ್, ಅದೂ ಪ್ಲಾಸ್ಟಿಕ್ ಚಕ್ರ. ಬೋಲ್ಟ್ ಸಡಿಲಾಗಿ, ಸೀಳಿ, ಡಬ್ಬಿ ಹಳಿ ತಪ್ಪುತ್ತವೆ ಅಂತಲೇ ಬೇರೆ ರೈಲ್‌ರೋಡ್‌ಗೆ ದಾಟಿಸುವ ಡಬ್ಬಿಗಳಲ್ಲಿ ಆರ್ಚ್‌ಬಾರ್ ನಿಷೇಧ ಮಾಡಿದ್ದು. 1948ಕ್ಕೆ ಅದೆಲ್ಲ ಆಗಿ ವರ್ಷಗಳಾಗಿತ್ತು. ಕೇಳಿದರೆ ಏನಂದರು ಗೊತ್ತಾ? "ಹಳೇ ಡಬ್ಬಿಗೆ ಹಳೇ ಟ್ರಕ್ಕೇ ಚೆಂದ ಸಾರ್." ನಾನು ಕಳಿಸಿದ್ದು ಎಲ್ಲಿ? "ಅವು ಹೊಂದ್ಕೊಳ್ಳಲಿಲ್ಲ." ಹೊಂದದಿದ್ದರೆ ವಾಪಸ್ ಕಳಿಸಿ. ಇದಕ್ಕೆ ಉತ್ತರ ಬರಲಿಲ್ಲ. ಮತ್ತೆ ಕೇಳಿದೆ, ಬರಲಿಲ್ಲ. ಲೋಹದ ಚಕ್ರ ಇಪ್ಪತ್ತು ಜೋಡಿ, ಐದು ಜೊತೆ ಟ್ರಕ್, ಹಗಲು ದರೋಡೆ ಅಲ್ಲದೆ ಮತ್ತೇನು.

ಈಗ ವೆದರಿಂಗ್. ಅದಕ್ಕೇ ತಾನೇ ದುಡ್ಡು ಕೊಟ್ಟಿದ್ದು.

ಐದೂ ಡಬ್ಬಿಗೆ ಒಂದೇ ಕಿತ್ತಳೆ ತುಕ್ಕು. ಚಕ್ರದ ಮುಖಕ್ಕೂ ಅದೇ. ಸ್ಟೀಮ್ ಕಾಲದ ಚಕ್ರದ ಮುಖ ತುಕ್ಕು ಹಿಡಿಯೋದು ಅಪರೂಪ ಮಾರಾಯರೇ. ಆಗ ಇದ್ದದ್ದು ಎಣ್ಣೆಯಲ್ಲಿ ನೆನೆಸಿದ ನೂಲು ತುಂಬಿ ಅಚ್ಚಿನ ತುದಿಗೆ ಕೂರಿಸಿದ ಜರ್ನಲ್ ಬಾಕ್ಸ್. ಎಣ್ಣೆ ಹಿಂದಿನಿಂದ ಸೋರಿ ಚಕ್ರದ ಮೇಲೆ ಎರಚಿ, ಅದಕ್ಕೆ ಧೂಳು, ಮಸಿ ಕೂತು ದಪ್ಪ ಕರಿ ಜಿಡ್ಡು. ರೋಲರ್ ಬೇರಿಂಗ್ ಬಂದು ಸೋರಿಕೆ ನಿಂತ ಮೇಲೆಯೇ ಚಕ್ರದ ಮುಖ ತುಕ್ಕಿನ ಬಣ್ಣಕ್ಕೆ ತಿರುಗಿದ್ದು. ಮುಖ ಜಿಡ್ಡುಗಪ್ಪು, ಹಳಿ ತಾಗುವ ಅಂಚು ಮಾತ್ರ ಬೆಳ್ಳಗೆ ಹೊಳೆಯಬೇಕು, ಅಷ್ಟೇ ಕೆಲಸ. ಅವರು ಆ ಅಂಚಿಗೂ ಬಣ್ಣ ಬಳಿದಿದ್ದಾರೆ.

ಎಕ್ಸ್29ರ ಒಂದೊಂದು ರಿವೆಟ್‌ನಿಂದಲೂ ಒಂದೊಂದು ತುಕ್ಕಿನ ಗೆರೆ, ಮಳೆಗೆ ಸೋರಿದ ಕುಂಕುಮದ ಹಾಗೆ. ನಿಜವಾದ ಎಕ್ಸ್29 ತುಕ್ಕು ಹಿಡಿದದ್ದು ಪಕ್ಕದ ತಗಡಿನ ತಳದ ಅಂಚಿನಲ್ಲಿ, ಅಲ್ಲೇ ತೇಪೆ ಹಾಕಿಸಿಕೊಂಡವು. ಹಾಕೋದಾದರೆ ಅಲ್ಲಿ ಹಾಕಬೇಕಿತ್ತು. ಅಲ್ಲೇ ಇಲ್ಲ. ಹಾಪರ್ ನೋಡಿ, ಹೊರಗೆಲ್ಲ ತುಕ್ಕು, ಒಳಗೆ ಹೊಸ ತವಾದ ಹಾಗೆ ಅಚ್ಚ ಕಪ್ಪು. ತಿರುಗುಮುರುಗು! ಒದ್ದೆ ಕಲ್ಲಿದ್ದಲಿನ ಗಂಧಕ ಆಮ್ಲವಾಗಿ ತಿನ್ನೋದು ಒಳಗಿನ ತಗಡನ್ನು, ಕಲ್ಲಿದ್ದಲು ಜಾರಿ ಜಾರಿ ಬಣ್ಣ ಕಿತ್ತುಹೋಗೋದೂ ಒಳಗೇ. ಸ್ಟಾಕ್ ಕಾರಿಗೆ ರೋಗ ಹರಡದಿರಲಿ ಅಂತ ಸುಣ್ಣ ಹೊಡೀತಿದ್ದರು, ಕೆಳಗಿನ ಹಲಗೆಗಳ ಮೇಲೆ ಬಿಳಿ ಕಲೆ ಇರಬೇಕು. ಅದರ ಸುದ್ದಿಯೇ ಇಲ್ಲ.

ಸುಣ್ಣ ಬೇಕಾದ ಕಡೆ ಇಲ್ಲ, ಬೇಡದ ಕಡೆ ಇದೆ. ಎಕ್ಸ್26 ಇಡೀ ವಿಭೂತಿ ಬಳಿದ ಹಾಗೆ ಬೆಳ್ಳಗಾಗಿತ್ತು. ಏನಾಗಿದೆ ಅಂತ ನೋಡಿದ ಕೂಡಲೇ ಗೊತ್ತಾಗುತ್ತೆ: ಮೊದಲು ಡಲ್‌ಕೋಟ್ ಅನ್ನೋ ಹೊಳಪು ಕಳೆಯುವ ವಾರ್ನಿಶ್ ಹೊಡೆದಿದ್ದಾರೆ, ಅದರ ಮೇಲೆ ಇಂಡಿಯಾ ಇಂಕ್ ಅನ್ನೋ ಕರಿ ಶಾಯಿ ಬೆರೆಸಿದ ಆಲ್ಕೊಹಾಲ್ ವಾಶ್ ಬಳಿದಿದ್ದಾರೆ. ಡಲ್‌ಕೋಟ್ ಮೇಲೆ ಆಲ್ಕೊಹಾಲ್ ಬಿದ್ದರೆ ಬೆಳ್ಳಗೆ ಮಂಜು ಕಟ್ಟುತ್ತೆ, ಈ ಹವ್ಯಾಸದಲ್ಲಿ ಆರು ತಿಂಗಳು ಕಳೆದವರಿಗೂ ಗೊತ್ತು. ನನ್ನ ಮೆಸೇಜಿಗೆ ಉತ್ತರ: "ಅದು ಸಿಮೆಂಟ್ ಧೂಳು ಸಾರ್, ಸ್ಪೆಷಲ್ ಎಫೆಕ್ಟ್." ಎರಡು ದಿನ ಬಿಟ್ಟು, "ನಿಮ್ಮ ರೂಮ್ ಲೈಟ್ ಸರಿ ಇಲ್ಲ." ಆಮೇಲೆ, "ಮೂರು ಅಡಿ ದೂರದಿಂದ ನೋಡಿ ಸಾರ್, ಎಲ್ಲಾ ಸರಿ ಕಾಣುತ್ತೆ." ನಾನು 675 ಡಾಲರ್ ಕೊಟ್ಟದ್ದು ಮೂರು ಅಡಿ ದೂರದಿಂದ ನೋಡೋಕಾ?

ನೀವೂ ಹೀಗೆ ಸಿಕ್ಕಿಹಾಕಿಕೊಂಡಿದ್ದರೆ ಆ ಮಂಜಿಗೆ ಮದ್ದಿದೆ. ಒಣ ಹವೆಯ ದಿನ ನೋಡಿ ಇನ್ನೊಂದು ತೆಳು ಕೈ ಡಲ್‌ಕೋಟ್ ಹೊಡೆಯಿರಿ, ಬಿಳಿ ಹೆಚ್ಚುಕಮ್ಮಿ ಮಾಯವಾಗುತ್ತೆ. ಮಳೆ ಹಿಡಿದ ದಿನ ಹೊಡೆಯಬೇಡಿ, ಗಾಳಿಯ ತೇವಕ್ಕೇ ಮತ್ತೆ ಬೆಳ್ಳಗಾಗುತ್ತೆ. ಬಣ್ಣದ ಪುಡಿ ಬಳಿದಿದ್ದರೆ ಡಲ್‌ಕೋಟ್ ಅದರಲ್ಲಿ ಅರ್ಧಕ್ಕರ್ಧ ನುಂಗಿಬಿಡುತ್ತೆ, ಮತ್ತೆ ಬಳಿಯಬೇಕು. ಎಕ್ಸ್26 ನನಗೆ ಉಳಿದದ್ದು ಹೀಗೆ.

ಡೆಕಾಲ್ ಎಲ್ಲ ಬೆಳ್ಳಿ ಹೊಡೆದಿವೆ, ಓರೆ ಬೆಳಕಿನಲ್ಲಿ ಪ್ರತಿ ಅಕ್ಷರದ ಸುತ್ತ ಫಿಲ್ಮ್ ಕಾಣುತ್ತೆ. ಮೊದಲು ಹೊಳಪಿನ ಕೋಟ್ ಕೊಡದೆ ನೇರ ಮ್ಯಾಟ್ ಬಣ್ಣದ ಮೇಲೆ ಅಂಟಿಸಿದರೆ ತರಿತರಿ ಮೈಯಲ್ಲಿ ಗಾಳಿ ಸಿಕ್ಕಿಕೊಂಡು ಹೀಗೇ ಆಗೋದು. ಡೆಕಾಲ್ ಮೈಗೆ ಕೂರಿಸುವ ದ್ರಾವಣಗಳಾದ ಮೈಕ್ರೋ ಸೆಟ್, ಮೈಕ್ರೋ ಸಾಲ್ ಬಾಟಲಿ ಮುಟ್ಟಿದ ಲಕ್ಷಣವೇ ಇಲ್ಲ. ಮತ್ತೆ ತೂಕ ಹಾಕಿದ ತಾರೀಖು 1955 ಅಂತ ಹಾಕಿದ್ದಾರೆ. 1948 ಅಂತ ಎಷ್ಟು ಸಲ ಬರೆದಿದ್ದೆನೋ, ಲೆಕ್ಕ ಇಲ್ಲ.

ಓಡೋದು? ಓಡಲ್ಲ. ಅಮೆರಿಕದ ಮಾದರಿ ರೈಲು ಸಂಘ ಎನ್‌ಎಂಆರ್‌ಎ ಲೆಕ್ಕದಲ್ಲಿ ಎಚ್‌ಒ ಡಬ್ಬಿಗೆ ಒಂದು ಔನ್ಸ್, ಅದರ ಮೇಲೆ ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸ್. 40 ಅಡಿ ಬಾಕ್ಸ್‌ಕಾರ್ ಸುಮಾರು ಐದೂಮುಕ್ಕಾಲು ಇಂಚು, ಅಂದರೆ 110 ಗ್ರಾಂ ಆಸುಪಾಸು ಇರಬೇಕು. ಅಡುಗೆಮನೆ ತಕ್ಕಡಿಯಲ್ಲಿಟ್ಟರೆ 62 ಗ್ರಾಂ. ಸೀಸ ಹಾಕೇ ಇಲ್ಲ, ಹಾಕದೆ ತಳ ಅಂಟಿಸಿ ಮುಚ್ಚಿದ್ದಾರೆ. ಒಳಗೆ ಸಾಯನೋಆಕ್ರಿಲೇಟ್, ಅಂದರೆ ಸೂಪರ್ ಗ್ಲೂ, ಧಾರಾಳವಾಗಿ ಸುರಿದು ಅದರ ಹಬೆಗೆ ಅಂಚೆಲ್ಲ ಬೂದು ಹಿಡಿದಿದೆ. ಕಪ್ಲರ್ ಎತ್ತರ ಗೇಜ್‌ಗೆ ಇಟ್ಟು ನೋಡಿದರೆ ಒಂದು ತುದಿ ತಗ್ಗು. ಕೆಳಗಿನ ತಂತಿ ಪಾಯಿಂಟ್ ಹಳಿಗೆ ತಾಗಿ ಡಬ್ಬಿ ಎದ್ದು ಬೀಳುತ್ತೆ. ಇನ್ನೊಂದು ತುದಿಯ ಕಪ್ಲರ್‌ನೊಳಗೇ ಅಂಟು ಇಳಿದು ಬಾಯಿ ತೆರೆಯೋದೇ ಇಲ್ಲ.

ಹತ್ತುವ ಹಿಡಿಗಳು ಪೆಟ್ಟಿಗೆಯಲ್ಲೇ ಉದುರಿದ್ದವು. ಹದಿನೆಂಟು ಇಂಚಿನ ಹಿಡಿ ಈ ಅಳತೆಯಲ್ಲಿ ಐದೂಕಾಲು ಮಿಲಿಮೀಟರ್. 80ನೇ ನಂಬರ್ ಡ್ರಿಲ್‌ನಲ್ಲಿ ಗೋಡೆ ದಾಟುವಷ್ಟು ತೂತು ಕೊರೆದು, ತಂತಿ ಕಾಲನ್ನು ಒಳಗಿನಿಂದ ಅಂಟಿಸಿದರೆ ಎಳೆದರೂ ಬರಲ್ಲ. ಇವರು ಚುಚ್ಚಿದ ಗುರುತಷ್ಟು ಮಾಡಿ ಮೇಲಿಂದ ಅಂಟು ತೊಟ್ಟಿಕ್ಕಿದ್ದಾರೆ. ತಳದಲ್ಲಿ ಬ್ರೇಕ್ ಸಾಮಾನು ಮೂರು ತುಂಡು ಸಾಲಾಗಿ, ಇಡ್ಲಿ ಇಟ್ಟ ಹಾಗೆ. ಪೈಪಿಲ್ಲ, ಸನ್ನೆ ಇಲ್ಲ, ರಾಡ್ ಇಲ್ಲ. ಹಳೇ ಬಗೆಯ ಕೆ ಬ್ರೇಕಾ, ಹೊಸ ಬಗೆಯ ಎಬಿ ಬ್ರೇಕಾ ಅಂತ ಮುಂಗಡ ಕೊಡುವಾಗಲೇ ಕೇಳಿದ್ದೆ. ಹಳೇ ಡಬ್ಬಿಗಳಲ್ಲಿ ಕೆ 1953ರವರೆಗೂ ಓಡಿತು, ಎರಡೂ ಸರಿಯೇ, ಯಾವುದಾದರೂ ಒಂದು ಪೂರ್ತಿ ಮಾಡಿ ಅಂದಿದ್ದೆ. "ಎಲ್ಲಾ ಕಾಣೋ ಹಾಗೆ ಮಾಡ್ತೀನಿ ಸಾರ್" ಅಂದಿದ್ದರು.

ದುಡ್ಡು ವಾಪಸ್ ಕೇಳಿದಾಗ ದನಿ ಬದಲಾಯ್ತು. "ಕಸ್ಟಮ್ ಕೆಲಸಕ್ಕೆ ರಿಟರ್ನ್ ಇಲ್ಲ. ವೆದರಿಂಗ್ ಅನ್ನೋದು ಆರ್ಟು. ನಿಮಗೆ ಅರ್ಥ ಆಗಲಿಲ್ಲ ಅಂದ್ರೆ ನಾನೇನ್ ಮಾಡ್ಲಿ." ಇಷ್ಟು ದಿನ ಇದ್ದ "ಸಾರ್" ಅಲ್ಲಿ ಇರಲಿಲ್ಲ, ಗಮನಿಸಿ. ಎಸಿಐ ಲೇಬಲ್ ಕೂಡ ಆರ್ಟಾ ಅಂತ ಕೇಳಿದೆ. "1948ರಲ್ಲಿ ನೀವು ಹುಟ್ಟಿದ್ರಾ? ಇರಲಿಲ್ಲ ಅಂತ ಹೇಗ್ ಹೇಳ್ತೀರಾ?"

ಇಂಥವರಿಗೆ ಏನು ಹೇಳೋದು.

ಆ ಲೇಬಲ್ಲನ್ನು ಮೈಕ್ರೋ ಸಾಲ್ ನೆನೆಸಿ, ಟೇಪ್ ಅಂಟಿಸಿ ಕಿತ್ತೆ. ಕೆಳಗಿನ ಬಣ್ಣವೂ ಸ್ವಲ್ಪ ಬಂತು. ಅಲ್ಲಿ ಚೌಕವಾಗಿ ಹೊಸ ಕೆಂಪು ತೇಪೆ ಬಳಿದೆ. ನಿಜವಾದ ಡಬ್ಬಿಗಳಲ್ಲೂ ಜರ್ನಲ್ ನೂಲು ಬದಲಿಸಿದಾಗ, ತೂಕ ಹಾಕಿದಾಗ ಹಳೇ ಅಕ್ಷರದ ಮೇಲೆ ಹೀಗೇ ತಾಜಾ ಬಣ್ಣದ ಚೌಕ ಹೊಡೆದು ಬರೀತಿದ್ದರು. ಇಡೀ ಐದು ಡಬ್ಬಿಯಲ್ಲಿ 1948ರ ಹಾಗೆ ಕಾಣೋದು ಅದೊಂದೇ ಚೌಕ, ಅದೂ ನಾನೇ ಬಳಿದದ್ದು.

ಯಾರಿಗಾದರೂ ಕೆಲಸ ಕೊಡೋದಾದರೆ ಬಿ ಎಂಡ್ ಫೋಟೊ ಕೇಳಿ, ತಳದ ಫೋಟೊ ಕೇಳಿ, ತಕ್ಕಡಿ ಮೇಲಿಟ್ಟ ಫೋಟೊ ಕೇಳಿ. ಕಳಿಸಿದ ಸಾಮಾನಿನ ಪಟ್ಟಿಗೆ ಬರಹದಲ್ಲಿ ಹೂಂ ಅನ್ನಿಸಿಕೊಳ್ಳಿ. ಸ್ನೇಹಿತರ ಲೆಕ್ಕದಲ್ಲಿ ದುಡ್ಡು ಕಳಿಸಬೇಡಿ, ನಾವು ನಾವೇ ಅಂದರಂತೂ ಕಳಿಸಲೇಬೇಡಿ.

ಕೊನೇ ಮೆಸೇಜ್ ಹೋದ ವಾರ ಬಂತು, ಮತ್ತೆ ಸಾರ್ ಹಚ್ಚಿಕೊಂಡು. "ಬೇಜಾರ್ ಮಾಡ್ಕೋಬೇಡಿ ಸಾರ್, ಮುಂದಿನ ಆರ್ಡರ್ ಕೊಟ್ರೆ ಒಂದು ಪೆನ್ಸಿಲ್ವೇನಿಯಾ ಕಬೂಸ್ ಫ್ರೀಯಾಗಿ ಮಾಡ್ಕೊಡ್ತೀನಿ." ಸರಕು ರೈಲಿನ ಕೊನೆಯಲ್ಲಿ ಸಿಬ್ಬಂದಿ ಕೂರುವ ಆ ಡಬ್ಬಿಯನ್ನು ಪೆನ್ಸಿಲ್ವೇನಿಯಾದವರು ಕಬೂಸ್ ಅಂತ ಕರೆದದ್ದೇ ಇಲ್ಲ. ಕ್ಯಾಬಿನ್ ಕಾರ್ ಅಂತಿದ್ದರು.